ಗೋಡೆಗೆ ಹೋದ ಮೂರು ಮನೆ

ರಾತ್ರಿ ಎರಡೂ ಮುಕ್ಕಾಲು. ಜಯನಗರದ ಒಂದು ನರ್ಸಿಂಗ್ ಹೋಮಿನ ನೆಲಮಾಳಿಗೆ.
ರಕ್ತ ಪರೀಕ್ಷಿಸುವ ಯಂತ್ರದ ನಂಬರು ಮೂವತ್ತೈದು,
ವರದಿ ಅಚ್ಚುಹಾಕುವ ಪ್ರಿಂಟರು ನಲವತ್ಮೂರು.
ನಡುವೆ ಹದಿನೈದಡಿ ದೂರ.
ಮಾತಿಲ್ಲ.

ಕೇಬಲ್ ಸರಿಯಾಗೇ ಇದೆ ಮೇಡಂ, ಅಂತಾನೆ ಇಮ್ದಾದ್.
ಕೆಲಸಕ್ಕೆ ಸೇರಿ ಹನ್ನೊಂದು ದಿನ.
ಮಾಸ್ಕ್ ಓದು, ಅಂದೆ.
ಇನ್ನೂರೈವತ್ತೈದು, ಇನ್ನೂರೈವತ್ತೈದು, ಇನ್ನೂರೈವತ್ತೈದು,
ಉಸಿರು ತಗೊಂಡು, ಇನ್ನೂರ ನಲವತ್ತು.
ಪ್ರಿಂಟರಿನದು?
ಕೊನೆಗೆ ಇನ್ನೂರ ನಲವತ್ತೆಂಟು.
ಎಂಟೇ ತಾನೇ ಮೇಡಂ ವ್ಯತ್ಯಾಸ?

ಎಂಟು ಅಂದರೆ ಒಂದು ಗೋಡೆ, ಇಮ್ದಾದ್.

ಶ್ರೀರಾಮಪುರದಲ್ಲಿ ನಾವಿದ್ದ ವಟಾರಕ್ಕೆ ಹದಿನಾರು ನಂಬರು.
ಸೊನ್ನೆಯಲ್ಲಿ ಯಾರೂ ಇರಲಿಲ್ಲ, ಅದು ಬೋರ್ಡು, ವಟಾರದ್ದೇ ಹೆಸರು.
ಒಂದು, ಗೇಟು.
ಹದಿನೈದು, ನಲ್ಲಿಕಟ್ಟೆ.
ಅಲ್ಲಿ ನಿಂತು ಯಾರಾದರೂ ‘ನೀರು ಬಂತೂ’ ಅಂದರೆ
ಹದಿಮೂರು ಮನೆಯ ಕೊಡಗಳೂ ಒಟ್ಟಿಗೆ ಎದ್ದು ಬರುತ್ತಿದ್ದವು.

ಓನರು ಜವರಪ್ಪ ಸತ್ತ. ಮಕ್ಕಳಿಬ್ಬರೂ ಕೋರ್ಟಿಗೆ ಹೋಗಿ ಬಂದು
ನಟ್ಟನಡುವೆ ಗೋಡೆ ಎಬ್ಬಿಸಿದರು, ಮೇಲೆ ಗಾಜಿನ ಚೂರು.
ಎಂಟು ಇತ್ತ, ಎಂಟು ಅತ್ತ, ನ್ಯಾಯವಾದ ಪಾಲು.
ಆದರೆ ಅತ್ತಲಿನವರಿಗೂ ಬೇಕಲ್ಲ ಒಂದು ಬೋರ್ಡು, ಒಂದು ಗೇಟು?
ಇತ್ತಲಿನವರಿಗೂ ಬೇಕಲ್ಲ ಕೂಗಲು ಒಂದು ಕಟ್ಟೆ?
ಹದಿಮೂರಿದ್ದದ್ದು ಐದು, ಐದು ಆಯಿತು.
ಟೈಲರ್ ಧನಪಾಲ ಹೋದ,
ಬ್ಯಾಂಡ್‌ಸೆಟ್ಟಿನ ಜಕರಯ್ಯ ಕ್ಲಾರಿನೆಟ್ಟು ಬಗಲಲ್ಲಿಟ್ಟುಕೊಂಡು ಹೋದ,
ಇನ್ನೊಂದು ಮನೆಯಲ್ಲಿ ಒಬ್ಬ ಮುದುಕಿ, ಹೆಸರು ನೆನಪಿಲ್ಲ.
ಜಗಳವಾಡಿದವರು ಯಾರೋ, ಗೋಡೆಗೆ ಹೋದದ್ದು ಇವರ ಮನೆ.

ಪೋಸ್ಟ್‌ಮ್ಯಾನ್ ಚಿಕ್ಕಹೊನ್ನಯ್ಯ ಕಾಗದ ವಿಂಗಡಿಸುವಾಗ
ಬಾಗಿಲ ನಂಬರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚುತ್ತಿದ್ದ.
ಮುಚ್ಚಿದ್ದು ಆಮೇಲೆ ನೋಡುವುದಕ್ಕೆ,
ಕಂಡದ್ದು ಈಗ ಹೋಗುವುದಕ್ಕೆ.
ಗೋಡೆ ಎದ್ದ ಮಾರನೇ ದಿನ
ಅವನ ಹೆಬ್ಬೆರಳು ಒಂದೇ ಒಂದು ಅಂಕಿಯಷ್ಟು ಹಿಂದೆ ಸರಿಯಿತು.
ಅದೇ ಮಾಸ್ಕು. ಅಷ್ಟೇ ಮಾಸ್ಕು.

ಅಮ್ಮನ ಹೆಬ್ಬೆರಳು ಮಾತ್ರ ಇದ್ದಲ್ಲೇ ಇತ್ತು.
ನಮ್ಮದು ಮೂರನೇ ನಂಬರು, ಫಿಲೋಮಿನಾದು ಹನ್ನೊಂದು.
ಫಿಲೋ, ಹುಣಸೆಹಣ್ಣಿದೆಯಾ? ಅಂತ ಅಂಗಳದಿಂದಲೇ ಕೂಗಿದಳು.
ಮರುದಿನ ಇನ್ನೂ ಜೋರಾಗಿ.
ಕೂಗು ಗಾಜಿನ ಚೂರಿಗೆ ತಾಗಿ ಅಂಗಳಕ್ಕೇ ಬಿತ್ತು.
ಗೇಟು ದಾಟಿ ಬಳಸಿ ಹೋದರೆ ಅರವತ್ತು ಹೆಜ್ಜೆ.
ಗೇಟಿನಿಂದ ಹೋಗುವುದು ಹೊರಗಿನವರ ಮನೆಗೆ,
ಫಿಲೋ ಒಳಗಿನವಳಲ್ಲವಾ?
ಇಪ್ಪತ್ತೆರಡು ದಿನ, ಅವಳಿಗೆ ಕೊಬ್ಬು ಅಂತ ಇವಳು,
ಇವಳಿಗೆ ಕೊಬ್ಬು ಅಂತ ಬಹುಶಃ ಅವಳು.

ಇಮ್ದಾದ್ ಲ್ಯಾಬಿನ ಫಾರಂ ತಿರುವಿ ಬರೆಯುತ್ತಿದ್ದಾನೆ:
೦೦೧೦೦೦೧೧
೦೦೧೦೧೦೧೧
ಕೆಳಗೆ ಮಾಸ್ಕು.
ಮೇಲಿನವನೂ ಒಂದು, ಕೆಳಗಿನವನೂ ಒಂದು ಆದರೆ ಒಂದು,
ಒಬ್ಬ ಒಲ್ಲೆ ಅಂದರೂ ಸೊನ್ನೆ.
ಇನ್ನೂರ ನಲವತ್ತು ಇಟ್ಟರೆ ಇಬ್ಬರೂ ಮೂವತ್ತೆರಡರ ಮನೆಯವರು.
ಇನ್ನೂರ ನಲವತ್ತೆಂಟು ಇಟ್ಟರೆ
ಇವನು ಮೂವತ್ತೆರಡು,
ಅವನು... ಪೆನ್ಸಿಲ್ಲು ನಿಂತಿತು... ನಲವತ್ತು.

ಹಂಗಾದ್ರೆ ಇದು ಇಷ್ಟು ಹೊತ್ತೂ
ಅಂಗಳದಲ್ಲೇ ನಿಂತು ಕೂಗ್ತಾ ಇತ್ತಾ ಮೇಡಂ?

ಹೋದ ವಾರ ಯಾರೋ ನೆಟ್‌ವರ್ಕ್ ಎರಡು ಮಾಡಿದ್ದಾರೆ,
ಯಂತ್ರಕ್ಕೆ ಯಾರೂ ಹೇಳಿಲ್ಲ.

ಅವನೇ ತಿದ್ದಿದ. ಗೇಟು ಮೂವತ್ಮೂರು, ಅದು ಮೊದಲಿಂದಲೂ ಸರಿಯಾಗೇ ಇತ್ತು.
ಪ್ರಿಂಟರು ಕೆಮ್ಮಿ ಒಂದು ಹಾಳೆ ಉಗುಳಿತು:
ಗಂಗಲಕ್ಷ್ಮಿ, ಐವತ್ತೊಂದು ವರ್ಷ, ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು.
ನರ್ಸು ಹಾಳೆ ಕಿತ್ತುಕೊಂಡು ಮೆಟ್ಟಿಲೇರಿ ಓಡಿದಳು.

ಅಮ್ಮನಿಗೆ ಯಾರು ಹೇಳಿದರೋ ನನಗಿನ್ನೂ ಗೊತ್ತಿಲ್ಲ.
ಇಪ್ಪತ್ಮೂರನೇ ದಿನ ಬೆಳಿಗ್ಗೆ, ಪಕ್ಕದ ಮನೆಗೆ ಹೋಗಲು ಮೊದಲ ಸಲ
ಚಪ್ಪಲಿ ಮೆಟ್ಟಿಕೊಂಡಳು.